ಕವಿಯಿಲ್ಲದ ನಾಟಕ, ಕವಿತೆ ಕೇಳಿದ ಬೇಹುಗಾರ

ರಷ್ಯನ್ ಭಾಷೆಯ ಅತಿ ದೊಡ್ಡ ಕವಿಯ ಮೇಲೆ ಬರೆದ ಒಂದು ನಾಟಕವಿದೆ. ನಾಲ್ಕು ಅಂಕಗಳು, ಹತ್ತಾರು ಪಾತ್ರಗಳು. ಅದರಲ್ಲಿ ಚಕ್ರವರ್ತಿ, ಗುಪ್ತ ಪೊಲೀಸರ ಅಧಿಕಾರಿ, ಬಡ್ಡಿಗೆ ಸಾಲ ಕೊಟ್ಟವನು ಎಲ್ಲರೂ ಮಾತಾಡುತ್ತಾರೆ. ಕವಿಯ ಹೆಂಡತಿ, ನಾದಿನಿ, ಮನೆಯಾಳು, ಶತ್ರು, ಹೊಟ್ಟೆಕಿಚ್ಚಿನ ಸಮಕಾಲೀನ ಕವಿಗಳಿಗೂ ಮಾತುಂಟು. ಮಾತಿಲ್ಲದವನು ಕವಿ ಒಬ್ಬನೇ. ಅವನು ಒಮ್ಮೆ ಕೋಣೆಯ ಹಿಂಬದಿಯಲ್ಲಿ ನೆರಳಿನಂತೆ ಹಾದುಹೋಗುತ್ತಾನೆ. ಅರಮನೆಯವರು ಸೇರಿದ ನೃತ್ಯಕೂಟದಲ್ಲಿ ಕಂಬದ ಪಕ್ಕ ನಿಂತಿದ್ದಾನೆಂದು ಬೇರೆಯವರ ಮಾತಿನಿಂದ ನಮಗೆ ತಿಳಿಯುತ್ತದೆ. ಮೂರನೇ ಅಂಕದಲ್ಲಿ ಗುಂಡೇಟು ತಿಂದ ಅವನ ದೇಹವನ್ನು ಹೊತ್ತು ತರುತ್ತಾರೆ. ಅಷ್ಟೇ.

ಮಿಖಾಯಿಲ್ ಬುಲ್ಗಾಕೋವ್ ಬರೆದ ಈ ನಾಟಕಕ್ಕೆ ಮೊದಲು 'ಅಲೆಕ್ಸಾಂಡರ್ ಪುಷ್ಕಿನ್' ಎಂದೇ ಹೆಸರಿತ್ತು. ರಂಗಕ್ಕೆ ಬಂದದ್ದು 'ಕೊನೆಯ ದಿನಗಳು' ಎಂಬ ಹೆಸರಿನಲ್ಲಿ. 'ಮಾಸ್ಟರ್ ಮತ್ತು ಮಾರ್ಗರೀಟ' ಕಾದಂಬರಿಯ ಲೇಖಕನಾಗಿ ಬುಲ್ಗಾಕೋವ್ ನಮ್ಮಲ್ಲಿ ಅನೇಕರಿಗೆ ಗೊತ್ತು. ಈ ನಾಟಕವನ್ನು ಓದಿದವರು ಕಡಿಮೆ. ನಾನೂ ಇದನ್ನು ರಂಗದ ಮೇಲೆ ನೋಡಿಲ್ಲ, ಅನುವಾದದಲ್ಲಿ ಓದಿದ್ದೇನೆ. ಆದರೂ ಲೇಖಕರ ಬದುಕನ್ನು ರಂಗಕ್ಕೆ ತರುವ ಯಾವ ಪ್ರಯತ್ನದ ಬಗ್ಗೆ ಮಾತು ಬಂದರೂ ನನಗೆ ಮೊದಲು ನೆನಪಾಗುವುದು ಇದೇ ಕೃತಿ. ಬರಹಗಾರನ ಕಲ್ಪನೆಯನ್ನು ರಂಗದ ಮೇಲೆ ತೋರಿಸುವುದು ಹೇಗೆ ಎಂಬ ಪ್ರಶ್ನೆಗೆ ಬುಲ್ಗಾಕೋವ್ ಕೊಟ್ಟ ಉತ್ತರ ವಿಚಿತ್ರವಾಗಿದೆ. ಕಲ್ಪನೆಯನ್ನು ಬರೆದವನಲ್ಲಿ ತೋರಿಸಬೇಡಿ, ಕೇಳಿಸಿಕೊಂಡವನಲ್ಲಿ ತೋರಿಸಿ ಎನ್ನುತ್ತಾನೆ ಅವನು. ಹಾಗೆ ಕೇಳಿಸಿಕೊಳ್ಳಲು ಅವನು ಆರಿಸಿಕೊಂಡದ್ದು ಒಬ್ಬ ಬೇಹುಗಾರನನ್ನು.

ಮೊದಲು ಕತೆಯ ಹಿನ್ನೆಲೆ. ಪುಷ್ಕಿನ್ ಹುಟ್ಟಿದ್ದು 1799ರಲ್ಲಿ. ಚಿಕ್ಕ ವಯಸ್ಸಿನಲ್ಲೇ ಬರೆದ ಪದ್ಯಗಳಿಗಾಗಿ ರಾಜಧಾನಿಯಿಂದ ದೂರ ಕಳಿಸಲ್ಪಟ್ಟವನು. 1826ರಲ್ಲಿ ಚಕ್ರವರ್ತಿ ಮೊದಲನೇ ನಿಕೊಲಾಯ್ ಅವನನ್ನು ಕರೆಸಿ, ಇನ್ನು ಮುಂದೆ ನಿನ್ನ ಬರಹಕ್ಕೆ ನಾನೇ ಸೆನ್ಸಾರ್ ಎಂದ. ಕೇಳಲು ದೊಡ್ಡ ಗೌರವದಂತಿದ್ದ ಆ ಮಾತು ನಿಜದಲ್ಲಿ ಕತ್ತಿಗೆ ಕಟ್ಟಿದ ಹಗ್ಗವಾಗಿತ್ತು. 1833ರ ಕೊನೆಯಲ್ಲಿ ಅರಮನೆ ಅವನಿಗೆ 'ಕಮ್ಮರ್‌ಯುಂಕರ್' ಎಂಬ ಪದವಿ ಕೊಟ್ಟಿತು. ಅದು ಸಾಮಾನ್ಯವಾಗಿ ಹದಿಹರೆಯ ದಾಟಿದ ಹುಡುಗರಿಗೆ ಕೊಡುತ್ತಿದ್ದ ಪದವಿ. ಮೂವತ್ತನಾಲ್ಕರ ಪುಷ್ಕಿನ್‌ಗೆ ಅದು ಅವಮಾನ ಎನಿಸಿತು. ಅವನ ಹೆಂಡತಿ ನತಾಲ್ಯಾ ಅಪರೂಪದ ಚೆಲುವೆ. ಜೊತೆಗೆ ಸಾಲದ ಹೊರೆ ಬೆಳೆಯುತ್ತಲೇ ಇತ್ತು. 1836ರ ನವೆಂಬರಿನಲ್ಲಿ ಅವನಿಗೂ ಅವನ ಗೆಳೆಯರಿಗೂ ಅವನನ್ನು 'ಹೆಂಡತಿಯಿಂದ ವಂಚಿತರಾದ ಗಂಡಂದಿರ ಸಂಘ'ಕ್ಕೆ ಸೇರಿಸಿದ ಹೆಸರಿಲ್ಲದ ಪತ್ರಗಳು ಬಂದವು. ಬೆರಳು ತೋರಿದ್ದು ಜಾರ್ಜ್ ದಾಂತೆಸ್ ಎಂಬ ಫ್ರೆಂಚ್ ಮೂಲದ ಸೇನಾಧಿಕಾರಿಯ ಕಡೆಗೆ. 1837ರ ಜನವರಿ 27ರಂದು, ರಷ್ಯದ ಹಳೆಯ ಕ್ಯಾಲೆಂಡರಿನ ಪ್ರಕಾರ, ಪೀಟರ್ಸ್‌ಬರ್ಗಿನ ಹೊರಗಿನ ಚೋರ್ನಯಾ ರೆಚ್ಕಾ ಬಳಿ ಇಬ್ಬರೂ ಪಿಸ್ತೂಲು ಹಿಡಿದು ಎದುರುಬದುರು ನಿಂತರು. ಹೊಟ್ಟೆಗೆ ಗುಂಡು ತಗುಲಿದ ಪುಷ್ಕಿನ್ ಎರಡು ದಿನ ನರಳಿ ತೀರಿಕೊಂಡ. ಆಗ ಅವನಿಗೆ ಮೂವತ್ತೇಳು.

ಇದು ಶಾಲೆಗೆ ಹೋದ ಪ್ರತಿಯೊಬ್ಬ ರಷ್ಯನ್ನನಿಗೂ ಗೊತ್ತಿರುವ ಕತೆ. ನಾಟಕಕಾರನಿಗೆ ಇದು ಕೈಗೆ ಸಿಕ್ಕ ಹಣ್ಣಿದ್ದಂತೆ. ಪ್ರೇಮ, ಅಸೂಯೆ, ಅರಮನೆ, ಪಿಸ್ತೂಲು, ಸಾವು ಎಲ್ಲವೂ ಇದೆ. ಗುಂಗುರು ಕೂದಲಿನ ಟೋಪನ್ ಹಾಕಿ, ಕೆನ್ನೆಗೆ ಮೀಸೆಗಡ್ಡ ಅಂಟಿಸಿ ಒಬ್ಬ ನಟನನ್ನು ನಿಲ್ಲಿಸಿದರೆ ಸಾಕು, ಜನ ಗುರುತು ಹಿಡಿಯುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ಟೋಪನ್ ಹಾಕಿದ ನಟ ಬಾಯಿ ತೆರೆದ ಕೂಡಲೇ ಅವನು ಪುಷ್ಕಿನ್ ಆಗಿ ಉಳಿಯುವುದಿಲ್ಲ. ಊಟ ಬಡಿಸು, ಗಾಡಿ ತರಿಸು, ಎಷ್ಟು ಸಾಲ ಉಳಿದಿದೆ ಎಂದು ಕೇಳುವ ಯಾರೋ ಒಬ್ಬ ಗೃಹಸ್ಥನಾಗುತ್ತಾನೆ. ಅವನ ಬಾಯಲ್ಲಿ ಅವನದೇ ಕವಿತೆ ಹೇಳಿಸಿದರೆ ವಾಚನ ಸ್ಪರ್ಧೆಯಂತಾಗುತ್ತದೆ. ಗರಿಲೇಖನಿ ಹಿಡಿದು ಚಾವಣಿ ನೋಡುತ್ತಾ ಸ್ಫೂರ್ತಿಗಾಗಿ ಕಾಯುವಂತೆ ಮಾಡಿದರೆ ನಗು ಬರುತ್ತದೆ. ಬರೆಯುವ ಕೆಲಸಕ್ಕೆ ಹೊರಗಿನಿಂದ ನೋಡುವಂಥ ಕ್ರಿಯೆಯೇ ಇಲ್ಲ. ಕುಸ್ತಿಪಟುವಿನ ಬದುಕನ್ನು ನಾಟಕ ಮಾಡಿದರೆ ಕುಸ್ತಿ ತೋರಿಸಬಹುದು. ಕವಿಯ ಬದುಕನ್ನು ನಾಟಕ ಮಾಡಿದರೆ ಸಾಮಾನ್ಯವಾಗಿ ಉಳಿಯುವುದು ಸಾಲ, ಜಗಳ ಮತ್ತು ಕೆಮ್ಮು.

ಬುಲ್ಗಾಕೋವ್‌ಗೆ ಈ ಕಷ್ಟ ಪುಸ್ತಕದಿಂದ ತಿಳಿದದ್ದಲ್ಲ. ಇದಕ್ಕೂ ಮುಂಚೆ ಅವನು ಮೊಲಿಯೇರ್ ಮೇಲೆ ಒಂದು ನಾಟಕ ಬರೆದಿದ್ದ. ಅಲ್ಲಿ ಮೊಲಿಯೇರ್ ಆರಂಭದಿಂದ ಕೊನೆಯವರೆಗೆ ರಂಗದ ಮೇಲೆಯೇ ಇರುತ್ತಾನೆ, ಅರಸನ ಮುಂದೆ ಬಾಗುತ್ತಾನೆ, ಬೈಯುತ್ತಾನೆ, ಕುಸಿಯುತ್ತಾನೆ. ಮೊಲಿಯೇರ್ ಸ್ವತಃ ನಟನಾದ್ದರಿಂದ ಅದು ನಡೆಯುತ್ತದೆ. ಅವನ ಕಲೆಯೇ ದೇಹದ ಕಲೆ. ಪುಷ್ಕಿನ್‌ನ ಕಲೆ ಇರುವುದು ಕಿವಿಯಲ್ಲಿ. ಹಾಗಾಗಿ ಬುಲ್ಗಾಕೋವ್ ಈ ಬಾರಿ ಬೇರೆ ದಾರಿ ಹಿಡಿದ. ಕವಿಯನ್ನು ರಂಗದಿಂದ ಹೊರಗಿಟ್ಟು ಅವನ ಒಂದೇ ಒಂದು ಕವಿತೆಯನ್ನು ಒಳಗೆ ಬಿಟ್ಟ.

ಆ ಕವಿತೆ 'ಚಳಿಗಾಲದ ಸಂಜೆ'. 1825ರಲ್ಲಿ ಪುಷ್ಕಿನ್ ತನ್ನ ತಾಯಿಯ ಕಡೆಯ ಜಮೀನಾದ ಮಿಖಾಯ್ಲೊವ್ಸ್ಕೊಯೆ ಹಳ್ಳಿಯಲ್ಲಿ ಒಂದು ಬಗೆಯ ಗೃಹಬಂಧನದಲ್ಲಿದ್ದಾಗ ಬರೆದದ್ದು. ಹೊರಗೆ ಹಿಮದ ಬಿರುಗಾಳಿ, ಒಳಗೆ ಹಳೆಯ ಗುಡಿಸಲು, ಮಾತು ಮರೆತು ಕೂತ ಮುದುಕಿ, ದುಃಖ ಮರೆಯಲು ಒಂದು ಗುಟುಕು ಕುಡಿಯೋಣ ಎಂಬ ಕೋರಿಕೆ. ಇಷ್ಟೇ ಅದರ ಸಾಮಗ್ರಿ. ರಷ್ಯದಲ್ಲಿ ಮಕ್ಕಳಿಗೂ ಬಾಯಿಪಾಠ ಬರುವ ಪದ್ಯ. ನಾಟಕದಲ್ಲಿ ಇದು ಮತ್ತೆ ಮತ್ತೆ ಕೇಳಿಬರುತ್ತದೆ. ನನ್ನ ಓದಿನಲ್ಲಿ ಮೂರು ಕಡೆ ಅದು ಮುಖ್ಯವಾಗುತ್ತದೆ. ಮೂರು ಕಡೆಯೂ ಅದು ಒಂದೇ ಕವಿತೆಯಲ್ಲ.

ಮೊದಲು ಅದು ಮನೆಯ ಹಾಡು. ಮೊಯ್ಕಾ ಕಾಲುವೆಯ ದಂಡೆಯಲ್ಲಿರುವ ಪುಷ್ಕಿನ್ ಮನೆ. ಒಳಕೋಣೆಯಲ್ಲಿ ಕವಿ ಹುಷಾರಿಲ್ಲದೆ ಮಲಗಿದ್ದಾನೆ. ನಾದಿನಿ ಅಲೆಕ್ಸಾಂಡ್ರಾ ಪಿಯಾನೊ ಮುಂದೆ ಕೂತು ಮೆಲ್ಲಗೆ ಆ ಪದ್ಯ ಹಾಡುತ್ತಿದ್ದಾಳೆ. ಆ ಹೊತ್ತಿಗೆ ಗಡಿಯಾರ ರಿಪೇರಿಯ ನೆಪದಲ್ಲಿ ಒಬ್ಬ ಮನುಷ್ಯ ಆ ಮನೆಯೊಳಗಿದ್ದಾನೆ. ಅವನ ಹೆಸರು ಬಿಟ್ಕೋವ್. ಗುಪ್ತ ಪೊಲೀಸರ 'ಮೂರನೇ ವಿಭಾಗ'ದಿಂದ ಸಂಬಳ ಪಡೆಯುವ ಬೇಹುಗಾರ. ಸಾಲ ಕೊಟ್ಟವನೂ ವಸೂಲಿಗೆ ಅದೇ ಮನೆಗೆ ಬರುತ್ತಾನೆ. ಅಲೆಕ್ಸಾಂಡ್ರಾ ತನ್ನ ಒಡವೆ ಬೆಳ್ಳಿ ಕೊಟ್ಟು ಅವನನ್ನು ಸಾಗಹಾಕಲು ನೋಡುತ್ತಾಳೆ. ಒಂದೇ ಮನೆಯಲ್ಲಿ ಹಾಡು, ಗಿರವಿ, ಬೇಹು ಮೂರೂ ನಡೆಯುತ್ತಿವೆ. ಕವಿಯ ಬದುಕು ಯಾವ ಸ್ಥಿತಿಯಲ್ಲಿದೆ ಎಂದು ಯಾರೂ ಭಾಷಣ ಮಾಡಿ ಹೇಳಬೇಕಾಗಿಲ್ಲ.

ಎರಡನೆಯ ಕಡೆ ಕವಿತೆ ಒಂದು ಕಡತ. ಮೂರನೇ ವಿಭಾಗದ ಕಚೇರಿಯಲ್ಲಿ ದುಬೆಲ್ಟ್ ಎಂಬ ಅಧಿಕಾರಿ ಕೂತಿದ್ದಾನೆ. ನಯವಾದ ಮಾತು, ಧರ್ಮಗ್ರಂಥದ ಉಲ್ಲೇಖ ನಾಲಿಗೆಯ ತುದಿಯಲ್ಲೇ. ಕವಿಯ ಮನೆಯಲ್ಲಿ ಕಂಡದ್ದು ಕೇಳಿದ್ದನ್ನು ಬಿಟ್ಕೋವ್ ಅವನಿಗೆ ಒಪ್ಪಿಸುತ್ತಾನೆ. ಪದ್ಯವೂ ಆ ವರದಿಯ ಒಂದು ಭಾಗ. ಬಿರುಗಾಳಿಯ ಬಗ್ಗೆ ಬರೆದ ಸಾಲುಗಳಲ್ಲಿ ರಾಜದ್ರೋಹ ಎಲ್ಲಿದೆ ಎಂದು ಹುಡುಕಬೇಕಾದ ಪಾಡು ಆ ಕಚೇರಿಯದು. ನಗು ಬರುವಂಥ ದೃಶ್ಯ, ಆದರೆ ನಕ್ಕು ಮುಗಿಸುವಂತಿಲ್ಲ. ಕೆಲಸಕ್ಕೆ ಕೂಲಿಯಾಗಿ ದುಬೆಲ್ಟ್ ಎಣಿಸಿ ಕೊಡುವ ಹಣದ ಲೆಕ್ಕ ಮೂವತ್ತು. ಯೂದನಿಗೆ ಸಿಕ್ಕ ಬೆಳ್ಳಿ ನಾಣ್ಯಗಳೂ ಮೂವತ್ತೇ, ಅವನ ನೆನಪಿಗಾಗಿ ನಾನು ಎಲ್ಲರಿಗೂ ಅಷ್ಟೇ ಕೊಡುವುದು ಎಂದು ಅವನೇ ವಿವರಿಸುತ್ತಾನೆ. ತಾನು ಮಾಡುತ್ತಿರುವುದು ಏನೆಂದು ಗೊತ್ತಿದ್ದೂ ಅದನ್ನು ಚಂದದ ಮಾತಾಗಿ ಆಡಬಲ್ಲ ಅಧಿಕಾರಿ ಅವನು. ಇದೇ ಕಚೇರಿಯಲ್ಲಿ ಮುಂದೆ ಕವಿಯ ಸಾವೂ ತೀರ್ಮಾನವಾಗುತ್ತದೆ. ದ್ವಂದ್ವ ನಡೆಯಲಿದೆ ಎಂದು ಮೇಲಿನವರಿಗೆ ಗೊತ್ತು. ತಡೆಯಲು ಸಿಪಾಯಿಗಳನ್ನು ಕಳಿಸಬೇಕು. ಆದರೆ ಅವರು ಜಾಗ ತಪ್ಪಿ ಬೇರೆಲ್ಲಿಗೋ ಹೋಗದಂತೆ ನೋಡಿಕೊಳ್ಳಿ ಎಂಬ ಮಾತು ದುಬೆಲ್ಟ್‌ನ ಕಿವಿಗೆ ಬೀಳುತ್ತದೆ. ಅವನಿಗೆ ಅರ್ಥವಾಗುತ್ತದೆ, ನಮಗೂ ಅರ್ಥವಾಗುತ್ತದೆ. ಯಾರೂ ಕೊಲ್ಲಿ ಎಂದು ಹೇಳಲಿಲ್ಲ.

ಮೂರನೆಯದು ಕೊನೆಯ ದೃಶ್ಯ. ಇತಿಹಾಸದಲ್ಲಿ ನಡೆದದ್ದು ಹೀಗೆ. ಪುಷ್ಕಿನ್ ಮನೆ ಮುಂದೆ ಸೇರಿದ ಜನರನ್ನು ಕಂಡು ಸರ್ಕಾರ ಹೆದರಿತು. ಅಂತ್ಯವಿಧಿಯನ್ನು ಬೇರೊಂದು ಸಣ್ಣ ಚರ್ಚಿಗೆ ಬದಲಾಯಿಸಿತು. ಆಮೇಲೆ ರಾತ್ರೋರಾತ್ರಿ ಶವಪೆಟ್ಟಿಗೆಯನ್ನು ಜಾರುಬಂಡಿಗೆ ಹಾಕಿ, ಜೊತೆಗೆ ಒಬ್ಬ ಗೆಳೆಯ, ಒಬ್ಬ ಆಳು ಮತ್ತು ಪೊಲೀಸ್ ಅಧಿಕಾರಿಯನ್ನು ಕೊಟ್ಟು, ಪ್ಸ್ಕೋವ್ ಪ್ರಾಂತ್ಯದ ಸ್ವ್ಯಾತೊಗೊರ್ಸ್ಕ್ ಮಠಕ್ಕೆ ಕಳಿಸಿತು. ಬುಲ್ಗಾಕೋವ್ ಆ ಗುಂಪಿಗೆ ಬಿಟ್ಕೋವ್‌ನನ್ನೂ ಸೇರಿಸುತ್ತಾನೆ. ದಾರಿಯಲ್ಲಿ ಕುದುರೆ ಬದಲಿಸುವ ಒಂದು ಠಾಣೆ. ರಾತ್ರಿ, ಹೊರಗೆ ಬಿರುಗಾಳಿ, ಹಿಮದಲ್ಲಿ ನಿಂತ ಶವಪೆಟ್ಟಿಗೆ. ಒಳಗೆ ಬೆಚ್ಚಗಾಗಲು ಬಂದ ಬೇಹುಗಾರ ಠಾಣೆಯವನ ಹೆಂಡತಿಯ ಬಳಿ ವೋಡ್ಕಾ ಕೇಳುತ್ತಾನೆ. ಕುಡಿಯುತ್ತಾ ಮಾತಿಗೆ ತೊಡಗುತ್ತಾನೆ. ಸತ್ತವನ ಹಿಂದೆ ನೆರಳಿನಂತೆ ಅಲೆದವನು ನಾನು, ಒಂದು ಹೆಜ್ಜೆಯೂ ಬಿಟ್ಟವನಲ್ಲ, ಆದರೆ ಆ ದಿನ ಮಾತ್ರ ನನ್ನನ್ನು ಬೇರೆ ಕಡೆ ಕಳಿಸಿದರು ಎಂಬ ಅರ್ಥದ ಮಾತು. ಅವನಿಗೆ ಕೇಡು ಬಯಸಿದವನಲ್ಲ ನಾನು ಎಂಬ ಸಮರ್ಥನೆ. ಎಲ್ಲಾ ಆ ಪದ್ಯಗಳಿಂದಲೇ ಬಂದ ಕಷ್ಟ ಎಂಬ ಗೊಣಗು. ನಡುವೆ, ಮನೆಯಲ್ಲಿ ಕದ್ದು ಕೇಳಿ ಕಚೇರಿಗೆ ಒಪ್ಪಿಸಿದ್ದ ಅದೇ ಬಿರುಗಾಳಿಯ ಪದ್ಯ ಅವನ ಬಾಯಿಗೆ ಬರುತ್ತದೆ. ಈಗ ಅದು ಮನೆಯ ಹಾಡಲ್ಲ, ಕಡತವೂ ಅಲ್ಲ. ಬಿಟ್ಟು ಹೋಗದ ನೆನಪು.

ಇಲ್ಲಿ ಬುಲ್ಗಾಕೋವ್ ಮಾಡಿರುವುದನ್ನು ಸ್ವಲ್ಪ ನಿಂತು ನೋಡಬೇಕು. ಹೊರಗೆ ಬಿರುಗಾಳಿ, ಒಳಗೆ ಬಡ ಗುಡಿಸಲಿನಂಥ ಠಾಣೆ, ಒಬ್ಬ ಹೆಂಗಸು, ಒಂದು ಲೋಟ. ಕವಿತೆಯ ಸಾಮಗ್ರಿಯೆಲ್ಲ ಈಗ ರಂಗಸಜ್ಜಿಕೆಯಾಗಿದೆ. ಪಾತ್ರಗಳು ಪುಷ್ಕಿನ್‌ನ ಕವಿತೆಯನ್ನು ಹೇಳುತ್ತಿಲ್ಲ, ಅದರೊಳಗೆ ನಿಂತಿದ್ದಾರೆ. ಭೂಗೋಳವೂ ಇದಕ್ಕೆ ಜೊತೆಗೂಡುತ್ತದೆ. ಸ್ವ್ಯಾತೊಗೊರ್ಸ್ಕ್ ಮಠ ಇರುವುದು ಮಿಖಾಯ್ಲೊವ್ಸ್ಕೊಯೆ ಹಳ್ಳಿಯ ಸಮೀಪ. ಅಂದರೆ ಶವಪೆಟ್ಟಿಗೆ ಹೊರಟಿರುವುದು ಆ ಕವಿತೆ ಹುಟ್ಟಿದ ಜಾಗಕ್ಕೇ. ಮೂರು ಅಂಕಗಳುದ್ದಕ್ಕೂ ಕವಿಯನ್ನು ನಮ್ಮ ಕಣ್ಣಿಗೆ ಬೀಳಿಸದೆ ಇದ್ದವನು ಕೊನೆಯಲ್ಲಿ ಅವನ ಕಲ್ಪನೆಯನ್ನು ಇಡೀ ರಂಗದ ತುಂಬ ಹರಡಿಬಿಟ್ಟಿದ್ದಾನೆ. ಬರಹಗಾರನ ಕಲ್ಪನೆಯನ್ನು ರಂಗದ ಮೇಲೆ ಇಷ್ಟು ಸದ್ದಿಲ್ಲದೆ ತಂದ ಇನ್ನೊಂದು ನಾಟಕ ನನಗೆ ಗೊತ್ತಿಲ್ಲ.

ನಮ್ಮ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಹತ್ತಿರವಾದ ಒಂದು ಪದವಿದೆ, ಸಹೃದಯ. ಕವಿಯ ಹೃದಯಕ್ಕೆ ಸಮನಾದ ಹೃದಯವುಳ್ಳ ಕೇಳುಗ. ಕಾವ್ಯ ಪೂರ್ಣವಾಗುವುದು ಅವನಲ್ಲಿ ಎಂಬುದು ಅಭಿನವಗುಪ್ತನಿಂದ ನಮ್ಮ ತರಗತಿಯ ಪಾಠದವರೆಗೆ ಹರಿದುಬಂದ ಮಾತು. ಬಿಟ್ಕೋವ್‌ನನ್ನು ಸಹೃದಯ ಎನ್ನಬಹುದೇ? ಓದುವಾಗ ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ನಾಟಕದಲ್ಲಿ ಕವಿತೆಯನ್ನು ಅಷ್ಟು ಹತ್ತಿರದಿಂದ ಕೇಳಿದವನು ಬೇರೆ ಯಾರೂ ಇಲ್ಲ. ಸಾಹಿತ್ಯಪ್ರೇಮಿ ಶ್ರೀಮಂತನ ಔತಣದಲ್ಲಿ ಕವಿಗಳು ಸೇರುವ ದೃಶ್ಯವೊಂದಿದೆ. ಅಲ್ಲಿ ನಡೆಯುವ ಜಗಳ, ರಷ್ಯದ ಮೊದಲ ಕವಿ ಯಾರು ಎಂದು. ಕುಕೊಲ್ನಿಕ್ ಎಂಬವನು ಆ ಪಟ್ಟವನ್ನು ಬೆನೆದಿಕ್ತೊವ್ ಎಂಬವನಿಗೆ ಕಟ್ಟಲು ಮುಂದಾಗುತ್ತಾನೆ. ಪಟ್ಟದ ಮಾತೇ ಹೊರತು ಕಿವಿ ತೆರೆದು ಕೇಳುವ ಮಾತಿಲ್ಲ. ಚಕ್ರವರ್ತಿಗೆ ಕಾಣುವುದು ಪುಷ್ಕಿನ್ ಸಮವಸ್ತ್ರ ಹಾಕದೆ ಕಪ್ಪು ಕೋಟಿನಲ್ಲಿ ಬಂದಿದ್ದಾನೆ ಎಂಬುದು. ಕವಿಗಳಿಗೆ ಪಟ್ಟ ಕಂಡಿತು, ಚಕ್ರವರ್ತಿಗೆ ಬಟ್ಟೆ ಕಂಡಿತು, ಕವಿತೆ ಕೇಳಿಸಿದ್ದು ಪೊಲೀಸರ ಆಳಿಗೆ.

ಹಾಗೆಂದು ಬುಲ್ಗಾಕೋವ್ ಅವನನ್ನು ಶುದ್ಧಗೊಳಿಸುವುದಿಲ್ಲ. ನಾಟಕದ ಎದೆ ಇರುವುದು ಇಲ್ಲೇ ಎಂದು ನನಗೆ ತೋರುತ್ತದೆ. ಕವಿತೆ ಬಿಟ್ಕೋವ್‌ನ ಮನಸ್ಸನ್ನು ಮುಟ್ಟಿತು, ನಿಜ. ಆದರೂ ಅವನು ವರದಿ ಕೊಡುವುದನ್ನು ಬಿಡಲಿಲ್ಲ, ಮೂವತ್ತರ ಲೆಕ್ಕ ಬೇಡವೆನ್ನಲಿಲ್ಲ, ಶವದ ಹಿಂದೆ ಬಂದದ್ದೂ ಕರ್ತವ್ಯದ ಮೇಲೆಯೇ. ಒಳ್ಳೆಯ ಕಾವ್ಯ ಓದಿದರೆ ಒಳ್ಳೆಯವರಾಗುತ್ತೇವೆ ಎಂದು ನಾವು ಸಾಹಿತ್ಯದ ಮಂದಿ ಎಷ್ಟು ಸಲೀಸಾಗಿ ಹೇಳುತ್ತೇವೆ. ಈ ನಾಟಕ ಆ ಸಮಾಧಾನ ಕೊಡುವುದಿಲ್ಲ. ಸಾಲುಗಳು ಎದೆಯಲ್ಲಿ ಉಳಿಯುತ್ತವೆ, ಕೈ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಕವಿತೆಯಿಂದ ಬಿಟ್ಕೋವ್ ಬದಲಾಗಲಿಲ್ಲ, ಅವನ ನಿದ್ದೆ ಮಾತ್ರ ಕೆಟ್ಟಿತು. ಕಾವ್ಯ ಮಾಡಬಲ್ಲದ್ದು ಇಷ್ಟೇ ಇರಬಹುದು. ಅದು ಕಡಿಮೆ ಎಂದು ನನಗನ್ನಿಸುವುದಿಲ್ಲ, ಆದರೆ ಅದನ್ನು ಬೇರೆ ಹೆಸರಿನಿಂದ ಕರೆಯಬಾರದು.

ಇಂಥ ಓದುಗನನ್ನು ಬುಲ್ಗಾಕೋವ್ ಕಲ್ಪಿಸಿಕೊಂಡದ್ದು ಹೇಗೆ? ಅವನ ಬದುಕನ್ನು ನೋಡಿದರೆ ಉತ್ತರ ಸಿಗುತ್ತದೆ. 1925ರ ಮಾರ್ಚಿನಲ್ಲಿ ಅವನು 'ನಾಯಿಯ ಹೃದಯ' ಕತೆಯನ್ನು ಮಾಸ್ಕೋದ ಒಂದು ಸಾಹಿತ್ಯ ಕೂಟದಲ್ಲಿ ಓದಿದ. ಕೇಳುಗರಲ್ಲಿ ಒಬ್ಬ ಬೇಹುಗಾರನಿದ್ದ. ಕತೆಯ ಸಾರ, ಅದರಲ್ಲಿರುವ ಸರ್ಕಾರದ ಗೇಲಿ, ಕೇಳಿದವರು ನಕ್ಕ ಬಗೆ ಎಲ್ಲವನ್ನೂ ಆತ ವಿವರವಾಗಿ ವರದಿ ಮಾಡಿದ. ಆ ಕತೆಯನ್ನು ಅಷ್ಟು ಗಮನವಿಟ್ಟು ಕೇಳಿದ ವಿಮರ್ಶಕ ಆಗ ಇನ್ನೊಬ್ಬನಿದ್ದನೋ ಇಲ್ಲವೋ. 1926ರ ಮೇ ತಿಂಗಳಲ್ಲಿ ಪೊಲೀಸರು ಬುಲ್ಗಾಕೋವ್ ಮನೆ ಶೋಧಿಸಿ ಆ ಕತೆಯ ಪ್ರತಿಗಳನ್ನೂ ಅವನ ದಿನಚರಿಯನ್ನೂ ಒಯ್ದರು. ಮತ್ತೆ ಮತ್ತೆ ಕೇಳಿದ ಮೇಲೆ ಕೆಲವು ವರ್ಷಗಳ ನಂತರ ವಾಪಸು ಕೊಟ್ಟರು. ಬುಲ್ಗಾಕೋವ್ ದಿನಚರಿಯನ್ನು ಸುಟ್ಟುಹಾಕಿದ. ಮತ್ತೆಂದೂ ದಿನಚರಿ ಬರೆಯಲಿಲ್ಲ. ಅದು ಹೋಯಿತೆಂದೇ ಎಲ್ಲರೂ ತಿಳಿದಿದ್ದರು. 1980ರ ದಶಕದ ಕೊನೆಯ ಹೊತ್ತಿಗೆ ಸೋವಿಯತ್ ಗುಪ್ತ ಪೊಲೀಸರ ಭಂಡಾರ ಸ್ವಲ್ಪ ತೆರೆದಾಗ ಗೊತ್ತಾಯಿತು, ಹಿಂದಿರುಗಿಸುವ ಮೊದಲು ಅವರು ಅದರ ನಕಲು ಮಾಡಿಟ್ಟುಕೊಂಡಿದ್ದರು. ಇಂದು ನಾವು ಓದುವ ಬುಲ್ಗಾಕೋವ್ ದಿನಚರಿ ಅಲ್ಲಿಂದ ಬಂದದ್ದು. ಲೇಖಕ ಸುಟ್ಟದ್ದನ್ನು ಬೇಹುಗಾರರು ಉಳಿಸಿದರು.

ಬಿಟ್ಕೋವ್‌ನನ್ನು ಬರೆಯುವಾಗ ಬುಲ್ಗಾಕೋವ್‌ಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲ. ಆದರೆ ಕದ್ದು ಕೇಳುವವನೇ ಕೆಲವೊಮ್ಮೆ ಕವಿತೆಯನ್ನು ಉಳಿಸುವವನೂ ಆಗುತ್ತಾನೆ ಎಂಬುದನ್ನು ಅವನ ನಾಟಕ ಮೊದಲೇ ಕಂಡಿತ್ತು. ನಾವು ಕೃತಿ ಮತ್ತು ಬದುಕಿನ ಸಂಬಂಧವನ್ನು ಹುಡುಕುವಾಗ ಸಾಮಾನ್ಯವಾಗಿ ಬದುಕಿನಲ್ಲಿ ನಡೆದದ್ದು ಕೃತಿಯಲ್ಲಿ ಎಲ್ಲಿ ಬಂದಿದೆ ಎಂದು ನೋಡುತ್ತೇವೆ. ಇಲ್ಲಿ ಕೃತಿಯಲ್ಲಿ ಇದ್ದದ್ದು ಅರ್ಧ ಶತಮಾನ ಕಳೆದು ಬದುಕಿನಲ್ಲಿ ಹೊರಬಿತ್ತು.

ಚಕ್ರವರ್ತಿ ಮತ್ತು ಕವಿಯ ಸಂಬಂಧವೂ ಬುಲ್ಗಾಕೋವ್‌ಗೆ ದೂರದ ಇತಿಹಾಸವಾಗಿರಲಿಲ್ಲ. 1929ರ ಹೊತ್ತಿಗೆ ಅವನ ನಾಟಕಗಳೆಲ್ಲ ರಂಗದಿಂದ ಕೆಳಗಿಳಿದಿದ್ದವು. 1930ರ ಮಾರ್ಚ್ 28ರಂದು ಅವನು ಸೋವಿಯತ್ ಸರ್ಕಾರಕ್ಕೆ ಪತ್ರ ಬರೆದ. ಹತ್ತು ವರ್ಷಗಳಲ್ಲಿ ತನ್ನ ಬಗ್ಗೆ ಬಂದ 301 ವಿಮರ್ಶೆಗಳನ್ನು ಕೂಡಿಟ್ಟಿದ್ದೇನೆ, ಹೊಗಳಿದ್ದು 3, ತೆಗಳಿದ್ದು 298 ಎಂದು ಲೆಕ್ಕ ಕೊಟ್ಟ. ಕೆಲಸ ಕೊಡಿ, ಇಲ್ಲವೇ ದೇಶ ಬಿಡಲು ಬಿಡಿ ಎಂದ. ಏಪ್ರಿಲ್ 18ರಂದು ಸ್ಟಾಲಿನ್ ತಾನೇ ಫೋನ್ ಮಾಡಿದ. ಕವಿ ಮಯಕೋವ್‌ಸ್ಕಿ ಗುಂಡು ಹಾರಿಸಿಕೊಂಡು ಸತ್ತು ನಾಲ್ಕೇ ದಿನವಾಗಿತ್ತು. ಫೋನಿನ ನಂತರ ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ ಸಹಾಯಕ ನಿರ್ದೇಶಕನ ಕೆಲಸ ಸಿಕ್ಕಿತು. ಪುಸ್ತಕ ಅಚ್ಚಾಗಲಿಲ್ಲ. 1931ರಲ್ಲಿ ಸ್ಟಾಲಿನ್‌ಗೆ ಬರೆಯತೊಡಗಿದ ಒಂದು ಪತ್ರದ ಕರಡಿನಲ್ಲಿ, ನೀವು ನನ್ನ ಮೊದಲ ಓದುಗರಾಗಬೇಕು ಎಂದು ಕೇಳಿಕೊಳ್ಳುವ ಮಾತಿದೆ. ನಿಕೊಲಾಯ್ ಪುಷ್ಕಿನ್‌ಗೆ ತಾನಾಗಿ ಹೇರಿದ್ದನ್ನು ಬುಲ್ಗಾಕೋವ್ ಬಾಯಿಬಿಟ್ಟು ಬೇಡಿದ್ದಾನೆ. ಓದಲು ಸಂಕಟವಾಗುವ ಸಾಲು ಅದು. ಆ ಸಂಕಟವನ್ನು ದಾಟಿ ಬಂದವನು ನಾಲ್ಕು ವರ್ಷಗಳ ನಂತರ 'ಕೊನೆಯ ದಿನಗಳು' ಬರೆದ. ಅಲ್ಲಿ ಮೊದಲ ಓದುಗನ ಸ್ಥಾನದಲ್ಲಿ ಚಕ್ರವರ್ತಿ ಇಲ್ಲ. ಆ ಜಾಗದಲ್ಲಿ ಚಕ್ರವರ್ತಿಯ ಆಳುಗಳ ಆಳು ಕೂತಿದ್ದಾನೆ.

ನಾಟಕ ಬರೆದ ಕತೆಯೂ ಸರಳವಲ್ಲ. 1934ರಲ್ಲಿ ಬುಲ್ಗಾಕೋವ್ ಈ ಯೋಜನೆಗೆ ವಿಕೆಂತಿ ವೆರೆಸಾಯೆವ್‌ನನ್ನು ಜೊತೆಗೆ ಕರೆದ. ಪುಷ್ಕಿನ್ ಬಗ್ಗೆ ಸಮಕಾಲೀನರು ಬರೆದಿಟ್ಟ ದಾಖಲೆಗಳನ್ನೆಲ್ಲ ಒಟ್ಟುಮಾಡಿ 'ಬದುಕಿನಲ್ಲಿ ಪುಷ್ಕಿನ್' ಎಂಬ ದೊಡ್ಡ ಸಂಕಲನ ಹೊರತಂದ ಹಿರಿಯ ಲೇಖಕ ಆತ. ಸಾಮಗ್ರಿ ವೆರೆಸಾಯೆವ್‌ನದು, ನಾಟಕ ಬುಲ್ಗಾಕೋವ್‌ನದು ಎಂಬ ಒಪ್ಪಂದ. ಆದರೆ ದಾಂತೆಸ್‌ನನ್ನು ಹೇಗೆ ಚಿತ್ರಿಸಬೇಕು, ದಾಖಲೆಯಿಂದ ಎಷ್ಟು ದೂರ ಹೋಗಬಹುದು ಎಂಬಲ್ಲಿ ಇಬ್ಬರಿಗೂ ಹೊಂದಲಿಲ್ಲ. 1935ರಲ್ಲಿ ವೆರೆಸಾಯೆವ್ ತನ್ನ ಹೆಸರು ಬೇಡವೆಂದು ಹಿಂದೆ ಸರಿದ. ಇಬ್ಬರ ವಾದದಲ್ಲೂ ಹುರುಳಿದೆ. ದಾಖಲೆಗಾರನಿಗೆ ಪುಷ್ಕಿನ್ ಎಂದರೆ ಕಂಡವರು ಹೇಳಿದ ಮಾತುಗಳ ಮೊತ್ತ. ಬುಲ್ಗಾಕೋವ್ ಆ ದಾರಿಯನ್ನು ತಿರಸ್ಕರಿಸಲಿಲ್ಲ. ಗಮನಿಸಿ ನೋಡಿದರೆ ಅವನ ನಾಟಕವೂ ಕಂಡವರ ಮಾತುಗಳಿಂದಲೇ ಕಟ್ಟಿದ್ದು. ಮೊತ್ತ ಎಷ್ಟೇ ದೊಡ್ಡದಾದರೂ ನಡುವಿನ ಜಾಗ ಖಾಲಿಯೇ ಉಳಿಯುತ್ತದೆ ಎಂಬುದನ್ನು ಅವನು ಸೇರಿಸಿದ.

ನಾಟಕದಲ್ಲಿ ದೋಷಗಳಿಲ್ಲ ಎಂದಲ್ಲ. ನತಾಲ್ಯಾಳ ಪಾತ್ರ ತೆಳುವಾಗಿದೆ. ಚಕ್ರವರ್ತಿ ಅವಳೊಡನೆ ಆಡುವ ಸರಸದ ಮಾತು ನಡೆಯುವಾಗ ಅವಳ ಮನಸ್ಸಿನಲ್ಲಿ ಏನಿತ್ತು ಎಂದು ನಾಟಕ ಕೇಳುವುದಿಲ್ಲ. ಗಂಡನನ್ನು ಕಾಣಿಸದೆ ಇಟ್ಟು ಗೌರವಿಸಿದ ನಾಟಕ ಹೆಂಡತಿಯನ್ನು ಕಾಣಿಸಿಯೂ ಅವಳ ಒಳಗನ್ನು ಮುಚ್ಚಿಟ್ಟಿತು. ದಾಂತೆಸ್ ಬೇಸರ ಹಿಡಿದ ಸುಂದರ ಖಳನಾಗಿ ಉಳಿಯುತ್ತಾನೆ. ಆ ವಿಷಯದಲ್ಲಿ ವೆರೆಸಾಯೆವ್‌ನ ಅಸಮಾಧಾನ ನನಗೆ ಅರ್ಥವಾಗುತ್ತದೆ. ಔತಣದ ದೃಶ್ಯದಲ್ಲಿ ಹೆಸರುಗಳ ಸಂತೆಯಿದೆ. ಆ ಕಾಲದ ಸಾಹಿತ್ಯ ಗೊತ್ತಿಲ್ಲದವರಿಗೆ ಯಾರು ಯಾರೆಂದು ಹಿಡಿಯುವುದು ಕಷ್ಟ. ಆದರೆ ಈ ದೋಷಗಳು ಇರುವುದು ಅಂಚಿನಲ್ಲಿ. ನಡುವಿನ ಎಳೆ, ಹಾಡಿನಿಂದ ಕಡತಕ್ಕೆ, ಕಡತದಿಂದ ನೆನಪಿಗೆ ಸಾಗುವ ಆ ಪದ್ಯದ ಎಳೆ, ಎಲ್ಲೂ ಕಡಿಯುವುದಿಲ್ಲ.

1937 ಬಂತು. ಪುಷ್ಕಿನ್ ಸತ್ತು ನೂರು ವರ್ಷ. ಸ್ಟಾಲಿನ್‌ನ ಸರ್ಕಾರ ಅದನ್ನು ದೇಶದ ಹಬ್ಬವಾಗಿ ಆಚರಿಸಿತು. ಅದೇ ವರ್ಷ ಬಂಧನ ಮತ್ತು ಮರಣದಂಡನೆಗಳು ತುತ್ತತುದಿ ಮುಟ್ಟಿದ್ದವು. ಬುಲ್ಗಾಕೋವ್ ನಾಟಕ ಆ ಹಬ್ಬದಲ್ಲಿ ಇರಲಿಲ್ಲ. ಹಿಂದಿನ ವರ್ಷ ಅವನ 'ಮೊಲಿಯೇರ್' ಏಳು ಪ್ರದರ್ಶನ ಕಂಡಿತ್ತಷ್ಟೆ. 1936ರ ಮಾರ್ಚ್ 9ರಂದು 'ಪ್ರಾವ್ದಾ' ಅದನ್ನು ಖಂಡಿಸಿತು, ನಾಟಕ ನಿಂತಿತು. ಅದರ ಬೆನ್ನಿಗೇ ಪುಷ್ಕಿನ್ ನಾಟಕದ ದಾರಿಯೂ ಮುಚ್ಚಿತು. ಎಲ್ಲೆಲ್ಲೂ ಪುಷ್ಕಿನ್ ಮುಖ ಕಾಣುತ್ತಿದ್ದ ವರ್ಷದಲ್ಲಿ ಅವನ ಮುಖ ತೋರಿಸದ ನಾಟಕಕ್ಕೆ ಜಾಗವಿರಲಿಲ್ಲ. 'ಮಾಸ್ಟರ್ ಮತ್ತು ಮಾರ್ಗರೀಟ'ದಲ್ಲಿ ಇದರ ಎರಡು ಪಡಿನೆಳಲುಗಳು ಸಿಗುತ್ತವೆ. ಅಲ್ಲಿ ಒಬ್ಬ ಎರಡನೇ ದರ್ಜೆಯ ಕವಿ ಮಾಸ್ಕೋದ ಪುಷ್ಕಿನ್ ಪ್ರತಿಮೆಯ ಮುಂದೆ ನಿಂತು, ಇವನಿಗೆ ಹೇಗೆ ಇಷ್ಟು ಕೀರ್ತಿ ಬಂತು ಎಂದು ಹೊಟ್ಟೆ ಉರಿದುಕೊಳ್ಳುತ್ತಾನೆ. ಇನ್ನೊಬ್ಬ ವಸತಿ ಸಮಿತಿಯ ಅಧ್ಯಕ್ಷ. ಪುಷ್ಕಿನ್‌ನ ಒಂದು ಸಾಲೂ ಓದದವನು, ಆದರೆ ಬಾಡಿಗೆ ಯಾರು ಕಟ್ಟುತ್ತಾರೆ, ಪುಷ್ಕಿನ್‌ನೇ ಎಂದು ದಿನವೂ ಆ ಹೆಸರು ಎಳೆಯುವವನು. ಪ್ರತಿಮೆಯಾಗಿ, ಗಾದೆಯಾಗಿ ಪುಷ್ಕಿನ್ ಎಲ್ಲರಿಗೂ ಗೊತ್ತು. ಕವಿತೆಯಾಗಿ ಅವನು ಯಾರಿಗೆ ಗೊತ್ತು ಎಂಬುದು ಬುಲ್ಗಾಕೋವ್ ಬಿಡದೆ ಕೇಳಿದ ಪ್ರಶ್ನೆ.

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿ ಇಡಬೇಕು. 1939ರಲ್ಲಿ ಬುಲ್ಗಾಕೋವ್ 'ಬಟೂಮ್' ಎಂಬ ನಾಟಕ ಬರೆದ. ವಸ್ತು, ಯುವಕ ಸ್ಟಾಲಿನ್. ಅಲ್ಲಿ ನಾಯಕ ರಂಗದ ನಡುವೆ ನಿಂತು ಧಾರಾಳವಾಗಿ ಮಾತಾಡುತ್ತಾನೆ. ಆ ನಾಟಕಕ್ಕೂ ಅನುಮತಿ ಸಿಗಲಿಲ್ಲ. ಬುಲ್ಗಾಕೋವ್‌ನ ಕೃತಿಗಳಲ್ಲಿ ಅದು ಅತ್ಯಂತ ನಿರ್ಜೀವವಾದದ್ದು ಎಂಬುದು ಅನೇಕರ ಮಾತು. ಈ ಪ್ರಸಂಗವನ್ನೇ ಹಿಡಿದು ಜಾನ್ ಹಾಜ್ ಎಂಬ ಬ್ರಿಟಿಷ್ ಲೇಖಕ 2011ರಲ್ಲಿ 'ಕೊಲ್ಯಾಬೊರೇಟರ್ಸ್' ನಾಟಕ ಬರೆದ. ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಅದು ಜನಪ್ರಿಯವಾಯಿತು. ಅದರಲ್ಲಿ ಸ್ಟಾಲಿನ್ ಕೂತು ನಾಟಕ ಟೈಪ್ ಮಾಡುತ್ತಾನೆ, ಬುಲ್ಗಾಕೋವ್ ಅವನ ಬದಲಿಗೆ ಸರ್ಕಾರಿ ಕಾಗದಗಳಿಗೆ ಒಪ್ಪಿಗೆ ಹಾಕುತ್ತಾ ಹೋಗುತ್ತಾನೆ. ಚುರುಕಾದ, ಭಯ ಹುಟ್ಟಿಸುವ ಕಲ್ಪನೆ. ಆದರೆ ಅಲ್ಲಿ ಬುಲ್ಗಾಕೋವ್ ಮಾತಾಡುತ್ತಲೇ ಇರುತ್ತಾನೆ, ಅವನ ಬರಹ ಮಾತ್ರ ನಮಗೆ ಕೇಳಿಸುವುದಿಲ್ಲ. 'ಕೊನೆಯ ದಿನಗಳು' ಇದಕ್ಕೆ ಸರಿಯಾಗಿ ತಿರುಗುಮುರುಗು. ಅಲ್ಲಿ ಕವಿ ಮಾತಾಡುವುದಿಲ್ಲ, ಬರಹ ಕೇಳಿಸುತ್ತದೆ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಓದಿದರೆ ಲೇಖಕರ ಬಗ್ಗೆ ನಾಟಕ ಬರೆಯಹೊರಟ ಯಾರಿಗಾದರೂ ಒಳ್ಳೆಯ ಪಾಠವಾದೀತು.

ಬುಲ್ಗಾಕೋವ್ 1940ರ ಮಾರ್ಚ್ 10ರಂದು ತೀರಿಕೊಂಡ. 'ಕೊನೆಯ ದಿನಗಳು' ಮೊದಲ ಬಾರಿ ರಂಗಕ್ಕೆ ಬಂದದ್ದು 1943ರ ಏಪ್ರಿಲ್ 10ರಂದು, ಯುದ್ಧದ ನಡುವೆ, ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ. ಆ ಸಂಜೆ ಸಭಾಂಗಣದಲ್ಲಿ ಕೂತವರೆಲ್ಲರಿಗೂ ಆ ಬಿರುಗಾಳಿಯ ಪದ್ಯ ಬಾಯಿಪಾಠವಾಗಿತ್ತು ಎಂದು ಧಾರಾಳವಾಗಿ ಊಹಿಸಬಹುದು. ಬಿಟ್ಕೋವ್ ಅದನ್ನು ಹೇಳತೊಡಗಿದಾಗ ಅವರ ತುಟಿಗಳೂ ಅಲುಗಿರಬೇಕು. ಅವರಲ್ಲಿ ಗೆಳೆಯನ ಬಗ್ಗೆ ವರದಿ ಬರೆದವರೂ, ವರದಿಗೆ ಸಿಕ್ಕಿಬಿದ್ದವರ ಮನೆಯವರೂ ಇದ್ದಿರಬಹುದು. ಪದ್ಯ ಇಬ್ಬರಿಗೂ ಒಂದೇ. ಬಿಟ್ಕೋವ್‌ನನ್ನು ದೂರದಿಂದ ನೋಡಿ ಛೀ ಎನ್ನುವ ಅನುಕೂಲವನ್ನು ಆ ನಾಟಕ ಅವರಿಗೆ ಕೊಡಲಿಲ್ಲ. ಕವಿತೆ ಬಾಯಿಪಾಠ ಮಾಡಿಕೊಂಡ ನಮಗೂ ಕೊಡುವುದಿಲ್ಲ.